ಹೆಸರು ಶಿವಪ್ಪನಾಯಕನದು, ಅರಮನೆ ಯಾರದು?

ಮದುವೆಯ ಗಡಿಬಿಡಿ ಮುಗಿದು ನೆಂಟರಿಷ್ಟರೆಲ್ಲ ಊರು ಸೇರಿದ ಮೇಲೆ ನವದಂಪತಿಗಳು ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರುವುದು ಈಗ ಹೆಚ್ಚಿನ ಮನೆಗಳಲ್ಲಿ ರೂಢಿ. ಊಟಿ, ಕೊಡೈಕನಾಲ್ ಕಡೆಗೆ ಹೋಗುವವರು ಹೋಗಲಿ. ಮಲೆನಾಡಿಗೆ ಬರುವವರ ಪಟ್ಟಿಯಲ್ಲಿ ಜೋಗ, ಆಗುಂಬೆ, ಸಕ್ರೆಬೈಲಿನ ಆನೆ ಬಿಡಾರ ಇದ್ದೇ ಇರುತ್ತವೆ. ಇವುಗಳ ನಡುವೆ ಒಂದು ಅರಮನೆಯೂ ಬೇಕು. ಅರಮನೆಯ ಮುಂದೆ ಜೋಡಿಯಾಗಿ ನಿಂತು ಫೋಟೊ ತೆಗೆಸಿಕೊಳ್ಳದಿದ್ದರೆ ಪ್ರವಾಸಕ್ಕೆ ಕಳೆಯೇ ಇರದು. ಶಿವಮೊಗ್ಗದಲ್ಲಿ ಇಳಿದು ಅರಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೋಟೆ ರಸ್ತೆಯ ಕಡೆ ಕೈ ತೋರಿಸುತ್ತಾರೆ. ತುಂಗಾ ನದಿಯ ದಡಕ್ಕೆ ಹತ್ತಿರದಲ್ಲಿರುವ ಆ ಎರಡಂತಸ್ತಿನ ಕಟ್ಟಡಕ್ಕೆ ಊರಿನವರ ಬಾಯಲ್ಲೂ ಸರ್ಕಾರದ ಫಲಕದಲ್ಲೂ ಒಂದೇ ಹೆಸರು: ಶಿವಪ್ಪನಾಯಕನ ಅರಮನೆ.

ಒಳಗೆ ಹೋದರೆ ನಡುವೆ ವಿಶಾಲವಾದ ದರ್ಬಾರು ಹಜಾರ, ಅದರ ಸುತ್ತ ಭಾರಿ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಳುಕಿದ ಎಸಳೆಸಳಾದ ಕಮಾನುಗಳು, ಮೇಲಂತಸ್ತಿನಿಂದ ಹಜಾರವನ್ನು ನೋಡಲು ಮೊಗಸಾಲೆಗಳು. ಈಗ ಇದು ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ಜಿಲ್ಲೆಯ ನಾನಾ ಕಡೆಗಳಿಂದ ತಂದ ವೀರಗಲ್ಲುಗಳು, ಶಾಸನಗಳು, ಮೂರ್ತಿಶಿಲ್ಪಗಳು ನಿಂತಿವೆ. ಎಲ್ಲವೂ ಸರಿ. ಆದರೆ ಈ ಮನೆಯಲ್ಲಿ ಶಿವಪ್ಪನಾಯಕ ಒಂದು ದಿನವೂ ಇರಲಿಲ್ಲ.

ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಇತಿಹಾಸಕಾರರ ಅಭಿಪ್ರಾಯದಲ್ಲಿ ಈಗ ಕಾಣುವ ಕಟ್ಟಡ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದು. ಹೈದರಾಲಿ ಎಂದರೆ 1763ರಲ್ಲಿ ಕೆಳದಿ ಸಂಸ್ಥಾನವನ್ನು ಗೆದ್ದು ಅದರ ಕಥೆಯನ್ನೇ ಮುಗಿಸಿದವನು. ಗೆದ್ದವನ ಕಾಲದ ಮನೆಗೆ ಸೋತ ವಂಶದ ಅತ್ಯಂತ ದೊಡ್ಡ ದೊರೆಯ ಹೆಸರು ಅಂಟಿಕೊಂಡಿದೆ. ಹಾಗಾದರೆ ಶಿವಪ್ಪನಾಯಕನ ನಿಜವಾದ ಅರಮನೆ ಎಲ್ಲಿ? ಅದನ್ನು ಹುಡುಕುತ್ತಾ ಹೊರಟರೆ ಶಿವಮೊಗ್ಗ ಜಿಲ್ಲೆಯಲ್ಲಿ ಎರಡು ದಿನದ ಒಳ್ಳೆಯ ಪ್ರವಾಸವೇ ಆಗುತ್ತದೆ.

ಕಂಬಗಳು ಹೇಳುವ ಸಾಕ್ಷ್ಯ

ಕಟ್ಟಡದ ವಯಸ್ಸನ್ನು ತಿಳಿಯಲು ಪುರಾತತ್ವ ಇಲಾಖೆಯವರೇ ಬೇಕಾಗಿಲ್ಲ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆಯನ್ನು ನೋಡಿದವರಿಗೆ ಶಿವಮೊಗ್ಗದ ಹಜಾರದೊಳಗೆ ಕಾಲಿಟ್ಟ ಕೂಡಲೇ 'ಎಲ್ಲೋ ನೋಡಿದಂತಿದೆಯಲ್ಲ' ಎನಿಸುತ್ತದೆ. ಬೆಂಗಳೂರಿನ ಆ ಅರಮನೆಯನ್ನು ಹೈದರಾಲಿ 1781ರಲ್ಲಿ ಆರಂಭಿಸಿದ. ಟಿಪ್ಪು 1791ರಲ್ಲಿ ಮುಗಿಸಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದು. ಮೂರರಲ್ಲೂ ಅದೇ ಮರದ ಕಂಬಗಳ ಸಾಲು, ಅದೇ ಎಸಳು ಕಮಾನು, ಅದೇ ಮೇಲಂತಸ್ತಿನ ಮೊಗಸಾಲೆ. ಒಂದೇ ಕಾಲದ ಅಭಿರುಚಿ ಮೂರು ಊರುಗಳಲ್ಲಿ ಕಾಣುತ್ತದೆ.

ಹಾಗಿದ್ದೂ ಜನ ಹೈದರಾಲಿಯ ಹೆಸರು ಬಿಟ್ಟು ಶಿವಪ್ಪನಾಯಕನನ್ನೇ ಏಕೆ ನೆನೆದರು? ಕಾರಣ ಅರಮನೆಯಲ್ಲಿಲ್ಲ, ಗದ್ದೆಯಲ್ಲಿದೆ. 'ಶಿವಪ್ಪನಾಯಕನ ಶಿಸ್ತು' ಎಂಬ ಮಾತು ಮಲೆನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಶಿಸ್ತು ಎಂದರೆ ಭೂಕಂದಾಯದ ನಿಗದಿ. ಅವನು ಜಮೀನನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ದರ್ಜೆಗಳಾಗಿ ವಿಂಗಡಿಸಿದ. ಊರೂರಿನಲ್ಲಿ ಮಾದರಿ ಹೊಲಗಳನ್ನು ಹನ್ನೆರಡು ವರ್ಷ ತನ್ನದೇ ಲೆಕ್ಕದಲ್ಲಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬಂದ ಬೆಳೆಯೆಷ್ಟು ಎಂದು ಬರೆಸಿಟ್ಟನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಹಾಗೆ ಸಿಕ್ಕ ಸರಾಸರಿಯ ಮೇಲೆ ಮೂರನೆಯ ಒಂದು ಪಾಲು ಸರ್ಕಾರದ್ದೆಂದು ಗೊತ್ತುಮಾಡಿದ. ರೈತನಿಗೆ ತಾನು ಎಷ್ಟು ಕೊಡಬೇಕೆಂಬುದು ಮೊದಲೇ ತಿಳಿದಿರುವುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಇಂಥ ದೊರೆಯ ಹೆಸರು ಜನರ ನಾಲಗೆಯ ಮೇಲೆ ಉಳಿಯಿತು. ರಾಜಧಾನಿ ಅಳಿದ ಮೇಲೆ, ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಉಳಿದಿದ್ದ ಒಂದೇ ಅರಮನೆಗೆ ಅದೇ ಹೆಸರು ಬಂದು ಕೂತದ್ದು ಸಹಜವೇ.

ಭದ್ರಾವತಿಯಲ್ಲಿ ಸಿಗುವ ಸುಳಿವು

ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯನ್ನು ಪ್ರವಾಸಿಗರು ಸಾಮಾನ್ಯವಾಗಿ ರೈಲಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಕನಸಿನಂತೆ 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಊರು ಇದು. ಅದಕ್ಕೂ ಮೊದಲು ಇದರ ಹೆಸರು ಬೆಂಕಿಪುರ. ಇಲ್ಲಿನ ಹಳೆಯ ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ನಕ್ಷತ್ರಾಕಾರದ ಜಗಲಿಯ ಮೇಲೆ ಮೂರು ಗರ್ಭಗುಡಿಗಳ ಹೊಯ್ಸಳ ಗುಡಿ. ಬೇಲೂರಿನ ಜನಜಂಗುಳಿ ಇಲ್ಲದೆ ಹೊಯ್ಸಳ ಶಿಲ್ಪವನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಹೇಳಿ ಮಾಡಿಸಿದ ಸ್ಥಳ.

ಅರಮನೆ ಹುಡುಕುವವರಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಸುಳಿವು ಇರುವುದೇ ಇಲ್ಲಿ. ಹೊಯ್ಸಳರು ಕಟ್ಟಿದ ಗುಡಿಗಳು ಏಳೆಂಟು ನೂರು ವರ್ಷಗಳ ನಂತರವೂ ನಿಂತಿವೆ. ಅವರು ವಾಸವಾಗಿದ್ದ ಅರಮನೆ ಒಂದೂ ನಿಂತಿಲ್ಲ, ರಾಜಧಾನಿ ಹಳೇಬೀಡಿನಲ್ಲೂ ಇಲ್ಲ. ಹಂಪಿಯಲ್ಲಿಯೂ ಅಷ್ಟೇ, ರಾಯರ ಅರಮನೆ ಎಂದು ತೋರಿಸುವ ಕಡೆ ಕಾಣುವುದು ಕಲ್ಲಿನ ಜಗಲಿ ಮಾತ್ರ. ನಮ್ಮ ನಾಡಿನ ಅರಸರು ದೇವರಿಗೆ ಕಲ್ಲಿನ ಮನೆ ಕಟ್ಟಿದರು. ತಾವು ಮಣ್ಣು ಮತ್ತು ಮರದ ಮನೆಯಲ್ಲಿದ್ದರು. ಅಡಿಪಾಯ, ಮೆಟ್ಟಿಲು, ಕಂಬದ ಕೆಳಗಿನ ಪೀಠ ಇಷ್ಟಕ್ಕೆ ಕಲ್ಲು. ಅದರ ಮೇಲಿನದೆಲ್ಲ ಮರ, ಮಣ್ಣು, ಗಾರೆ, ಹೆಂಚು. ಮೈಸೂರಿನ ಹಳೆಯ ಅರಮನೆಯೂ ಮರದ್ದೇ ಆಗಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲೇ ಅದಕ್ಕೆ ಬೆಂಕಿ ಬಿತ್ತು. ಲಕ್ಷಾಂತರ ಮಂದಿ ನೋಡಲು ಬರುವ ಈಗಿನ ಅರಮನೆ ಅದರ ಜಾಗದಲ್ಲಿ ಎದ್ದು 1912ರಲ್ಲಿ ಪೂರ್ಣವಾದದ್ದು.

ಮರದ ಮನೆಗೆ ಬೆಂಕಿ ಒಂದು ಶತ್ರುವಾದರೆ ಮಲೆನಾಡಿನಲ್ಲಿ ಅದಕ್ಕಿಂತ ದೊಡ್ಡ ಶತ್ರು ಮಳೆ. ಇಲ್ಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮನೆಯಲ್ಲಿ ಜನವಿದ್ದು ವರ್ಷ ವರ್ಷ ಹೆಂಚು ಕೈಯಾಡಿಸುವವರೆಗೆ ಸರಿ. ಜನ ಬಿಟ್ಟ ಮೇಲೆ ಮೊದಲು ಹೆಂಚು ಸರಿಯುತ್ತದೆ, ಮರಕ್ಕೆ ಗೆದ್ದಲು ಹಿಡಿಯುತ್ತದೆ, ಮಣ್ಣಿನ ಗೋಡೆ ನೆನೆದು ಕುಸಿಯುತ್ತದೆ. ಗುಡಿಗೆ ಪೂಜೆಯ ನೆಪದಲ್ಲಿ ದಿನವೂ ಒಬ್ಬರಾದರೂ ಬಂದು ಬಾಗಿಲು ತೆಗೆಯುತ್ತಾರೆ. ರಾಜನೇ ಹೋದ ಮೇಲೆ ಅರಮನೆಯ ಬಾಗಿಲು ತೆಗೆಯುವವರು ಯಾರು?

ಇಕ್ಕೇರಿಗೆ ಬಂದ ಇಟಲಿಯ ಪ್ರೇಮಿ

ಈ ಮಾತು ಮನಸ್ಸಿನಲ್ಲಿಟ್ಟುಕೊಂಡು ಸಾಗರದ ದಾರಿ ಹಿಡಿಯಬೇಕು. ಕೆಳದಿ ಮತ್ತು ಇಕ್ಕೇರಿ ಎರಡೂ ಸಾಗರ ಪಟ್ಟಣದಿಂದ ಹತ್ತು ಕಿಲೋಮೀಟರಿನೊಳಗೇ ಇವೆ. 1499ರ ಸುಮಾರಿಗೆ ಚೌಡಪ್ಪನಾಯಕನಿಂದ ಕೆಳದಿಯಲ್ಲಿ ಆರಂಭವಾದ ಸಂಸ್ಥಾನ ಕೆಲವೇ ವರ್ಷಗಳಲ್ಲಿ ಇಕ್ಕೇರಿಗೆ ರಾಜಧಾನಿಯನ್ನು ಬದಲಿಸಿತು. ಮುಂದೆ ಬಿಜಾಪುರದ ಸೈನ್ಯದ ದಾಳಿಗೆ ಇಕ್ಕೇರಿ ತುತ್ತಾದ ಮೇಲೆ, ವೀರಭದ್ರನಾಯಕನ ಕಾಲದಲ್ಲಿ, ರಾಜಧಾನಿ ಬಿದನೂರಿಗೆ ಹೋಯಿತು. ಹೀಗೆ ಒಂದೇ ವಂಶಕ್ಕೆ ಮೂರು ರಾಜಧಾನಿಗಳು.

ಇಕ್ಕೇರಿಯ ವೈಭವವನ್ನು ಕಣ್ಣಾರೆ ಕಂಡು ಬರೆದವನು ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ. ಅವನು ಬಂದದ್ದು 1623ರ ನವೆಂಬರಿನಲ್ಲಿ, ಗೋವೆಯ ಪೋರ್ಚುಗೀಸರು ವೆಂಕಟಪ್ಪನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆಯಲ್ಲಿ. ಒಂದರ ಹಿಂದೊಂದು ಬಾಗಿಲು ದಾಟಿ ಒಳಗೆ ಹೋದದ್ದು, ನಾಯಕನ ಭೇಟಿ, ಸಂಜೆಯ ಹೊತ್ತು ಬಣ್ಣದ ಕೋಲು ಹಿಡಿದು ಹುಡುಗಿಯರು ಸುತ್ತುಗಟ್ಟಿ ಆಡಿದ ಕೋಲಾಟ, ಎಲ್ಲವನ್ನೂ ಅವನು ತನ್ನ ಪತ್ರಗಳಲ್ಲಿ ವಿವರಿಸಿದ್ದಾನೆ.

ಈ ಪ್ರವಾಸಿಯ ಸ್ವಂತ ಕಥೆಯೇ ಒಂದು ಪ್ರೇಮಕಥೆ. ಪ್ರೇಮದಲ್ಲಿ ನಿರಾಶನಾಗಿ 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು ಬಾಗ್ದಾದಿನಲ್ಲಿ ಮಾನಿ ಎಂಬ ಯುವತಿಯನ್ನು ಮದುವೆಯಾದ. ದಂಪತಿಗಳು ಒಟ್ಟಿಗೇ ಪರ್ಷಿಯಾ ಸುತ್ತಿದರು. 1621ರ ಕೊನೆಯಲ್ಲಿ ಆಕೆ ಜ್ವರದಿಂದ ತೀರಿಕೊಂಡಳು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟುಬರಲು ಮನಸ್ಸಾಗದೆ ಅವನು ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ಮೂಲಕ ತನ್ನ ದೇಶಕ್ಕೆ ಸಾಗಿಸಿದ. ರೋಮ್ ನಗರದಲ್ಲಿ ಅವಳ ಸಮಾಧಿಯಾದದ್ದು 1627ರಲ್ಲಿ. ಇಕ್ಕೇರಿಯ ಬೀದಿಯಲ್ಲಿ ಅವನು ಗಂಡನ ಚಿತೆ ಏರಲು ನಿಶ್ಚಯಿಸಿದ್ದ ಒಬ್ಬ ಹೆಂಗಸನ್ನು ಕಂಡು, ಮನೆಗೆ ಹೋಗಿ ಮಾತನಾಡಿಸಿ, ಆ ನಿರ್ಧಾರ ಬಿಡಿಸಲು ಯತ್ನಿಸಿದ. ಅವಳು ಒಪ್ಪಲಿಲ್ಲ. ಹೆಂಡತಿಯನ್ನು ಕಳೆದುಕೊಂಡವನು ಆ ಭೇಟಿಯನ್ನು ಮರೆಯದೆ ಬರೆದಿಟ್ಟಿದ್ದಾನೆ.

ಅವನು ಕಂಡ ಇಕ್ಕೇರಿ ಈಗಿಲ್ಲ. ಒಂದರೊಳಗೊಂದು ಮೂರು ಸುತ್ತಿನ ಕೋಟೆಯಿತ್ತು, ಒಳಕೋಟೆಯಲ್ಲಿ ಮಣ್ಣು ಮತ್ತು ಮರದ ಅರಮನೆಯಿತ್ತು, ಅದಕ್ಕೆ ಕೆತ್ತನೆಯ ಅಲಂಕಾರವೂ ಚಿನ್ನದ ಬಣ್ಣದ ಲೇಪವೂ ಇದ್ದವು ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಮಣ್ಣು ಮಣ್ಣಿಗೆ ಸೇರಿತು. ಉಳಿದದ್ದು ಅಘೋರೇಶ್ವರ ದೇವಾಲಯ, ಅದರ ಮುಂದಿನ ಬೃಹತ್ ನಂದಿ.

ನೆಲದ ಮೇಲೆ ಒಬ್ಬ ಹುಚ್ಚ ದೊರೆ

ಅಘೋರೇಶ್ವರನ ಗುಡಿಯೊಳಗೆ ಹೋದವರು ಮೇಲಿನ ಚಾವಣಿಯನ್ನೂ ಕಂಬಗಳನ್ನೂ ನೋಡುತ್ತಾರೆ. ಕೆಳಗೆ ನೋಡುವವರು ಕಡಿಮೆ. ಗರ್ಭಗುಡಿಯ ಎದುರಿನ ನೆಲದ ಮೇಲೆ, ದೇವರಿಗೆ ಅಡ್ಡಬಿದ್ದಂತೆ, ಮೂವರು ನಾಯಕರ ಆಕೃತಿಗಳನ್ನು ಕೆತ್ತಲಾಗಿದೆ. ಮೇಲೆ ಅವರವರ ಹೆಸರಿದೆ. ಅದರಲ್ಲಿ ಒಬ್ಬನ ಕೈಕಾಲುಗಳಿಗೆ ಸಂಕೋಲೆ. ಅವನ ಹೆಸರು ಹುಚ್ಚ ಸೋಮಶೇಖರ.

ಈ ಹೆಸರು ಕೆಳದಿಯ ರಾಣಿ ಚೆನ್ನಮ್ಮನ ಪತಿ ಸೋಮಶೇಖರನಾಯಕನ ಕಥೆಯನ್ನು ನೆನಪಿಗೆ ತರುತ್ತದೆ. ಮಲೆನಾಡಿನಲ್ಲಿ ಎಲ್ಲರೂ ಬಲ್ಲ ಕಥೆ ಇದು. ಕೆಳದಿಯ ರಾಮೇಶ್ವರನ ಜಾತ್ರೆಯಲ್ಲಿ ಯುವ ದೊರೆ ಒಬ್ಬ ಹುಡುಗಿಯನ್ನು ಕಂಡ. ಅವಳು ರಾಜಮನೆತನದವಳಲ್ಲ, ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳು. ಮದುವೆಯಾದರೆ ಅವಳನ್ನೇ ಎಂದು ಹಟ ಹಿಡಿದ, ಮದುವೆಯೂ ಆಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ನವದಂಪತಿಗಳಿಗೆ ಹೇಳಲು ಚೆನ್ನಾಗಿತ್ತು. ಮುಂದೆ ದೊರೆ ಕಲಾವತಿ ಎಂಬ ನರ್ತಕಿಯ ಮೋಹಕ್ಕೆ ಬಿದ್ದ. ಅರಮನೆ ಬಿಟ್ಟು ಅವಳ ಮನೆಯಲ್ಲೇ ಉಳಿದ. ಆರೋಗ್ಯ ಕೆಟ್ಟಿತು, ಬುದ್ಧಿ ಕದಡಿತು, ಕೊನೆಗೆ ಕೊಲೆಯಾದ.

ಚೆನ್ನಮ್ಮ ಅಳುತ್ತ ಕೂರಲಿಲ್ಲ. ಬಿಜಾಪುರದ ಸೈನ್ಯ ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ ರಾಜ್ಯದ ಹೊಣೆ ಹೊತ್ತಳು. ಮಕ್ಕಳಿಲ್ಲದ್ದರಿಂದ ಬಸಪ್ಪನಾಯಕನನ್ನು ದತ್ತು ಪಡೆದಳು. 1672ರಿಂದ 1697ರವರೆಗೆ, ಇಪ್ಪತ್ತೈದು ವರ್ಷ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಬಂದಾಗ, ಔರಂಗಜೇಬನ ಸಿಟ್ಟಿಗೆ ಗುರಿಯಾದೇನೆಂದು ತಿಳಿದೂ ಆಶ್ರಯ ಕೊಟ್ಟಳು. ಮೊಗಲ್ ಸೈನ್ಯ ಬಂತು; ಅದನ್ನೂ ಎದುರಿಸಿದಳು. ಅವಳು ಬೆಳೆಸಿದ ದತ್ತುಪುತ್ರ ಬಸಪ್ಪನಾಯಕನೇ 'ಶಿವತತ್ತ್ವರತ್ನಾಕರ' ಎಂಬ ದೊಡ್ಡ ಸಂಸ್ಕೃತ ವಿಶ್ವಕೋಶದ ಕರ್ತೃ.

ಕೆಳದಿಯಲ್ಲಿಯೂ ಅರಮನೆ ಇಲ್ಲ. ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿವೆ. ವೀರಭದ್ರನ ಗುಡಿಯ ಚಾವಣಿಯಲ್ಲಿ ಗಂಡಭೇರುಂಡವಿದೆ. ಪಾರ್ವತಿ ಗುಡಿಯ ಚಾವಣಿಯ ಮರದ ಕೆತ್ತನೆಯನ್ನು ಮಾತ್ರ ಅವಸರ ಮಾಡದೆ ನೋಡಬೇಕು. ಕಾಣೆಯಾದ ಅರಮನೆಗಳ ಮಾಡಿನ ಕೆಳಗೆ ಬಡಗಿಗಳ ಕೈಚಳಕ ಹೇಗಿದ್ದೀತು ಎಂಬುದಕ್ಕೆ ಅದೊಂದು ಸಣ್ಣ ಮಾದರಿ. ಊರಿನಲ್ಲೇ ಇರುವ ಕೆಳದಿ ವಸ್ತುಸಂಗ್ರಹಾಲಯದಲ್ಲಿ ತಾಡವೋಲೆಗಳೂ ನಾಯಕರ ಕಾಲದ ವಸ್ತುಗಳೂ ಇವೆ.

ಬಿದನೂರು ನಗರವಾದದ್ದು

ಹೊಸನಗರ ತಾಲ್ಲೂಕಿನ ನಗರ ಎಂಬ ಈಗಿನ ಪುಟ್ಟ ಊರೇ ಶಿವಪ್ಪನಾಯಕನ ಬಿದನೂರು. ಬಿದಿರಿನ ಊರು ಬಿದನೂರು. ಅವನ ಕಾಲದಲ್ಲಿ ಊರು ಎಷ್ಟು ಬೆಳೆಯಿತೆಂದರೆ ಇನ್ನೇನು ಒಂದು ಲಕ್ಷ ಮನೆಗಳಾಗಿ 'ನಗರ' ಎನ್ನಿಸಿಕೊಳ್ಳುತ್ತದೆ ಎಂದು ಜನ ಹೇಳುತ್ತಿದ್ದರಂತೆ. ಕರಾವಳಿಯ ಬಂದರುಗಳಿಗೂ ಬಯಲುಸೀಮೆಗೂ ನಡುವಿನ ವ್ಯಾಪಾರ ಈ ದಾರಿಯಲ್ಲೇ ನಡೆಯುತ್ತಿತ್ತು; ಮೆಣಸು, ಅಕ್ಕಿ ಘಟ್ಟ ಇಳಿಯುತ್ತಿದ್ದವು. 1763ರಲ್ಲಿ ಹೈದರಾಲಿ ಈ ಊರನ್ನು ಹಿಡಿದ. ಆಗ ಆಳುತ್ತಿದ್ದ ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿ ಕೋಟೆ ಸೇರಿದಳು. ಹೈದರನಿಗೆ ಇಲ್ಲಿ ಸಿಕ್ಕ ಸಂಪತ್ತು ಅಪಾರ. ತನ್ನ ಏಳಿಗೆಗೆಲ್ಲ ಬಿದನೂರೇ ಬುನಾದಿ ಎಂದು ಅವನೇ ಹೇಳುತ್ತಿದ್ದನೆಂದು ಚರಿತ್ರೆಕಾರರು ಬರೆದಿದ್ದಾರೆ. ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟ. ಕಾಲಾನಂತರ ಹೈದರ್ ಬಿದ್ದುಹೋಗಿ ನಗರ ಉಳಿಯಿತು. ಊರು ನಗರವಾಗಿದ್ದಾಗ ಆ ಹೆಸರಿರಲಿಲ್ಲ. ಹೆಸರು ನಿಂತಾಗ ಊರು ಕರಗಿತ್ತು.

ನಗರದ ಕೋಟೆಯನ್ನು ಏರಿದರೆ ಬಲವಾದ ಹೆಬ್ಬಾಗಿಲು, ಬುರುಜುಗಳು, ಅಕ್ಕ ತಂಗಿ ಕೊಳ, ದರ್ಬಾರಿನದೆಂದು ತೋರಿಸುವ ಜಗಲಿ ಕಾಣುತ್ತವೆ. ಹತ್ತಿರದ ದೇವಗಂಗೆಯಲ್ಲಿ ರಾಜಪರಿವಾರ ಬಳಸುತ್ತಿದ್ದ ಏಳು ಕೊಳಗಳಿವೆ. ಒಂದೊಂದರದು ಒಂದೊಂದು ಆಕಾರ. ಗುಡ್ಡದಿಂದ ಇಳಿದ ನೀರು ಕೊಳದಿಂದ ಕೊಳಕ್ಕೆ ಹರಿಯುವಂತೆ ಕಟ್ಟಿದ್ದಾರೆ. ನೀರಿಗೆ ಸಂಬಂಧಿಸಿದ್ದೆಲ್ಲ ಕಲ್ಲಿನದಾದ್ದರಿಂದ ಉಳಿದುಕೊಂಡಿದೆ.

ಅಲ್ಲಿಂದ ತೀರ್ಥಹಳ್ಳಿಯ ಕಡೆ ಬರುವಾಗ ಕವಲೇದುರ್ಗ. ಗದ್ದೆ ಬದಿಯ ದಾರಿಯಲ್ಲಿ ನಡೆದು ಮೂರು ಸುತ್ತಿನ ಕೋಟೆ ಹತ್ತಬೇಕು. ಭುವನಗಿರಿ ದುರ್ಗವೆಂದೂ ಇದಕ್ಕೆ ಹೆಸರು. ಕಷ್ಟಕಾಲದಲ್ಲಿ ನಾಯಕರ ಆಸರೆ ಇದೇ. ಮೇಲೆ, ಮಣ್ಣು ತೆಗೆದು ಬಯಲು ಮಾಡಿದ ಅರಮನೆಯ ತಳವಿನ್ಯಾಸವೇ ಕಾಣುತ್ತದೆ. ಇದು ಪೂಜೆಯ ಕೋಣೆ, ಇದು ಅಡಿಗೆಮನೆ, ಇದು ಬಚ್ಚಲು ಎಂದು ಗುರುತಿಸಬಹುದು. ಅಡಿಗೆಮನೆಯಲ್ಲಿ ಐದು ಬಾಯಿಯ ಕಲ್ಲಿನ ಒಲೆ ಹಾಗೆಯೇ ಇದೆ. ನೀರು ಬರುವ ಕಾಲುವೆಯೂ ಇದೆ. ಗೋಡೆಯಿಲ್ಲ, ಮಾಡಿಲ್ಲ, ಕಂಬವಿಲ್ಲ. ಅರಮನೆ ಎಂದರೆ ಸಿಂಹಾಸನ ಎಂದುಕೊಂಡವರಿಗೆ ಆ ಒಲೆಯ ಮುಂದೆ ನಿಂತಾಗ ಅದೂ ಒಂದು ಮನೆಯಾಗಿತ್ತು ಎಂಬುದು ಹೊಳೆಯುತ್ತದೆ.

ನೋಡುವ ಕ್ರಮ

ಈ ಪ್ರವಾಸಕ್ಕೆ ಶಿವಮೊಗ್ಗದಿಂದ ಹೊರಟು ಸಾಗರ, ಇಕ್ಕೇರಿ, ಕೆಳದಿ ನೋಡಿ, ಮರುದಿನ ನಗರ, ಕವಲೇದುರ್ಗ ಮುಗಿಸಿ ತೀರ್ಥಹಳ್ಳಿ ಮೂಲಕ ಹಿಂದಿರುಗುವುದು ಅನುಕೂಲ. ಭದ್ರಾವತಿಗೆ ಹೋಗುವಾಗಲೋ ಬರುವಾಗಲೋ ಅರ್ಧ ದಿನ ಸಾಕು. ಮಳೆಗಾಲದಲ್ಲಿ ಕವಲೇದುರ್ಗದ ಕಲ್ಲುಹಾಸು ಜಾರುತ್ತದೆ. ಅಕ್ಟೋಬರಿನಿಂದ ಫೆಬ್ರವರಿವರೆಗಿನ ದಿನಗಳು ಒಳ್ಳೆಯವು.

ಇನ್ನೊಂದು ಮಾತು. ಕೋಟೆ, ಗುಡಿಗಳ ಗೋಡೆಯ ಮೇಲೆ ಜೋಡಿ ಹೆಸರು ಗೀಚಿ ನಡುವೆ ಹೃದಯದ ಗುರುತು ಹಾಕುವ ಚಪಲ ನಮ್ಮಲ್ಲಿ ಇನ್ನೂ ಹೋಗಿಲ್ಲ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡಿದರೆ 1958ರ ಕಾಯಿದೆಯ ಪ್ರಕಾರ ಶಿಕ್ಷೆಯಿದೆ. 2010ರ ತಿದ್ದುಪಡಿಯ ನಂತರ ಅದು ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ. ಮೋಹದ ನೆನಪಿಗೆ ಕಲ್ಲಿನಲ್ಲಿ ಹೆಸರು ನಿಂತರೆ ಹೇಗಿರುತ್ತದೆ ಎಂಬುದನ್ನು ಇಕ್ಕೇರಿಯ ನೆಲದ ಮೇಲೆ ಈಗಾಗಲೇ ನೋಡಿಯಾಗಿದೆ.

ಶಿವಮೊಗ್ಗದ ಅರಮನೆಯನ್ನು ಮೊದಲು ನೋಡದೆ ಕೊನೆಗೆ ನೋಡುವುದು ಮೇಲು. ಮೊದಲು ನೋಡಿದರೆ ಅದು ಒಂದು ಹಳೆಯ ಕಟ್ಟಡ, ಅಷ್ಟೇ. ಕವಲೇದುರ್ಗದ ಬರಿಯ ಜಗಲಿಯನ್ನು ಕಂಡು ಬಂದ ಕಣ್ಣಿಗೆ ಅದು ಬೇರೆಯಾಗಿ ಕಾಣುತ್ತದೆ. ಕಮಾನಿನ ಶೈಲಿ ಹೈದರನ ಕಾಲದ್ದಾದರೂ ಕಂಬದ ಮರ ಇಲ್ಲಿನ ಕಾಡುಗಳಲ್ಲಿ ಬೆಳೆಯುವಂಥದೇ. ಮರದ ಅಟ್ಟಣೆಯ ಮೇಲೆ ಮನೆ ನಿಲ್ಲಿಸುವ ವಿದ್ಯೆ ಇಲ್ಲಿನ ಬಡಗಿಗಳಿಗೆ ಹೊಸದೇನಲ್ಲ. ಈ ಕಂಬಗಳನ್ನು ಮನಸ್ಸಿನಲ್ಲೇ ಒಯ್ದು ಆ ಜಗಲಿಯ ಮೇಲೆ ನಿಲ್ಲಿಸಿ ನೋಡಬಹುದು. ಗೆದ್ದವನ ಕಾಲದ ಮನೆಯೊಂದು ಉಳಿದಿರುವುದರಿಂದಲೇ ಸೋತವನ ಮನೆ ಹೇಗಿದ್ದಿರಬಹುದು ಎಂದು ಊಹಿಸಲು ಸಾಧ್ಯವಾಗಿದೆ. ಫಲಕದ ಮೇಲಿನ ಹೆಸರು ಚರಿತ್ರೆಯ ಲೆಕ್ಕದಲ್ಲಿ ತಪ್ಪಿರಬಹುದು. ತಮ್ಮ ಗದ್ದೆಗೆ ನ್ಯಾಯವಾದ ಕಂದಾಯ ಗೊತ್ತುಮಾಡಿದವನಿಗೆ ಊರಿನಲ್ಲಿ ಒಂದು ಮನೆಯಾದರೂ ಇರಲಿ ಎಂದು ಜನ ಕೊಟ್ಟ ಹೆಸರು ಅದು.